ಹಕ್ಕಿಗೆ ಕಲಿಸಿದ ಕೈಗಳು

"ಏಳೂವರೆ! ಕಿವಿಗೇನು ಬೂಚು ಬಡ್ಕೊಂಡಿದೀರೇನ್ರೇ ಸೋಂಬೇರಿ ಮುಂಡೇರಾ? ಗಂಟೆಗೆ ಏಳೂವರೆ ಕಿಲೋ! ಹೋದ ಸೋಮವಾರ ಐದಿತ್ತು, ಅದಕ್ಕೇ ಸೊಂಟ ಹಿಡ್ಕೊಂಡು ಮುಲುಗ್ತಿದ್ರಿ. ಈಗ ಏಳೂವರೆ. ಆಗದಿದ್ದೋರು ಈಗ್ಲೇ ಬಾಯಿ ಬುಡಿ. ನಿಮ್ಮ ತೆಂಗಿನಕಾಯಿ ದ್ವೀಪಕ್ಕೆ ಗಂಟು ಕಟ್ಟಿ ಕಳಿಸ್ತೀನಿ. ಮರ ಹತ್ಕೊಂಡು ಕೂತ್ಕಳಿ!"

ಮೇಸ್ತ್ರಿ ರಸ್ ಬೈಗುಳ ಆರಂಭಿಸಿದಾಗ ಬಿಲ್ಲರಾ ಕಣಿವೆಯ ಮೇಲೆ ಸೂರ್ಯ ಮೊಳದುದ್ದವೂ ಏರಿರಲಿಲ್ಲ. ಬ್ಲೂಬೆರಿ ಸಾಲುಗಳಿಗೆ ಹೊದಿಸಿದ್ದ ಬಿಳಿ ಬಲೆಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಬಲೆಯಡಿಯಲ್ಲಿ ಸೊಂಟಕ್ಕೆ ಬಕೇಟು ಕಟ್ಟಿಕೊಂಡ ನಲವತ್ತು ಮಂದಿ ತಲೆ ತಗ್ಗಿಸಿ ನಿಂತಿದ್ದರು. ಎದುರಿಗೆ ಕಂಬಕ್ಕೆ ಬಿಗಿದ ಪರದೆ. ಪರದೆಯ ಮೂಲೆಯಲ್ಲಿ ಹಳದಿ ಕೊಕ್ಕಿನ ಹಕ್ಕಿಯ ಚಿತ್ರ. ಪ್ರತಿಯೊಬ್ಬರ ಎದೆಯ ಮೇಲಿನ ಬಿಲ್ಲೆಯಲ್ಲೂ ಅದೇ ಹಕ್ಕಿ. ಕಂಪನಿಗೆ ಉದ್ದನೆಯ ಹೆಸರೊಂದಿತ್ತು. ತೋಟದಲ್ಲಿ ಅದನ್ನು ಯಾರೂ ಉಚ್ಚರಿಸುತ್ತಿರಲಿಲ್ಲ. ಹಕ್ಕಿ ಎಂದರೆ ಸಾಕಾಗಿತ್ತು.

"ಇದು ಯಾರ ಪುಣ್ಯ ಗೊತ್ತೇನ್ರೋ? ಬಾರೇ ಲೇವಿಯಾ, ಮುಂದಕ್ಕೆ ಬಾ. ಮಖ ತೋರ್ಸು."

ಲೇವಿಯಾ ಎರಡು ಹೆಜ್ಜೆ ಮುಂದೆ ಬಂದಳು. ಪರದೆಯ ಮೇಲೆ ಅವಳ ಮುಖವಿತ್ತು. ಕಣಿವೆಯ ಇಪ್ಪತ್ತೆರಡು ತೋಟಗಳ, ಸಾವಿರದಿನ್ನೂರು ಕೊಯ್ಲುಗಾರರ ನೆತ್ತಿಯ ಮೇಲೆ, ಮೊದಲನೆಯ ಸ್ಥಾನದಲ್ಲಿ. ಗಂಟೆಗೆ ಹದಿನೈದು ಕಿಲೋ.

"ಒಡಹುಟ್ಟಿದೋನು ಸತ್ತು ಇನ್ನೂ ಎಂಟು ದಿನ ಆಗಿಲ್ಲ. ಇವ್ಳು ಒಂದು ಕಡೆ ಅಳ್ತಾ ಒಂದು ಕಡೆ ಹದಿನೈದು ಕಿತ್ತವಳೆ. ನೀವು? ಉಸಿರಾಡೋ ಹೆಣಗಳು! ಇವ್ಳ ಕಾಲು ತೊಳ್ದು ಆ ನೀರು ಕುಡೀರಿ, ಬುದ್ಧಿ ಬತ್ತದೆ."

ಲೇವಿಯಾ ಕೈಗಳನ್ನು ಲಂಗದ ಮಡಿಕೆಯೊಳಗೆ ಅಡಗಿಸಿಕೊಂಡಳು. ಕಳೆದ ಐದು ದಿನಗಳಲ್ಲಿ ಆ ಕೈಗಳು ಒಂದೇ ಒಂದು ಹಣ್ಣನ್ನೂ ಮುಟ್ಟಿರಲಿಲ್ಲ.

*

ಲೇವಿಯಾಳ ತಮ್ಮ ಕಾಲ್‌ತಾಕ್, ಹವಳದ ಬಂಡೆಯಾಚೆ ಮೀನಿಗೆಂದು ಮುಳುಗಿದವನು, ಜೀವಂತ ಮೇಲೆ ಬರಲಿಲ್ಲ ಎಂಬ ಸುದ್ದಿ ಅವಳಿಗೆ ತಲುಪುವ ಹೊತ್ತಿಗೆ, ತೊಂಗಾರಿಕಿ ದ್ವೀಪದಲ್ಲಿ ಅವನನ್ನು ಮಣ್ಣು ಮಾಡಿಯಾಗಿತ್ತು. ಹೋಗಿ ಅಳುವುದಕ್ಕೂ ಏನೂ ಉಳಿದಿರಲಿಲ್ಲ. ಹೋದರೆ ಹಂಗಾಮಿನ ನಡುವೆ ಮತ್ತೆ ಒಳಗೆ ಬಿಡುವವರೂ ಇರಲಿಲ್ಲ.

ಅವಳ ಊರಿನಲ್ಲಿ ಸಾವಾದ ಮನೆಯ ಹೆಂಗಸು ಐದು ದಿನ ತೋಟಕ್ಕೆ ಇಳಿಯಬಾರದು. ಊರೇ ಅವಳ ಬುಟ್ಟಿ ತುಂಬಬೇಕು. ಬುಟ್ಟಿ ಎಷ್ಟು ತುಂಬಿತೋ ಸತ್ತವನಿಗೆ ಅಷ್ಟು ಮರ್ಯಾದೆ. ಗೆಣಸು ಬಾಗಿಲಿಗಿಂತ ಎತ್ತರಕ್ಕೆ ಬಿದ್ದರೆ, ಹೋದವನು ದೊಡ್ಡವನು.

"ಇಲ್ಲಿ ಊರಿಲ್ಲ ಅಂತ ಅಳಬ್ಯಾಡ. ನಾವಿಲ್ವೇನೇ?" ಎಂದಿದ್ದಳು ತೌಸಿ. ಆರು ಮಂದಿ ಹೆಂಗಸರ ಆ ತಂಡಕ್ಕೆ ಅವಳೇ ಹಿರಿಯಳು. ಐವತ್ತೆಂಟರ ಮುದುಕಿ. ಊರಿನ ವಾವೆಯಲ್ಲಿ ಲೇವಿಯಾಳಿಗೆ ದೊಡ್ಡವ್ವ. "ನೀನು ಗಿಡದ ಬುಡದಲ್ಲಿ ಕೂತ್ಕ. ಬಕೇಟು ತೂಗೋವಾಗ ನಿನ್ನ ಬಿಲ್ಲೆ ತೋರ್ಸು. ಮಿಕ್ಕಿದ್ದು ನಮ್ಮ ಪಾಲು."

ಐವರೂ ತಮ್ಮ ಬಿಲ್ಲೆ ಕೆಂಪಾಗದಷ್ಟನ್ನು ಮಾತ್ರ ತಮ್ಮ ಬಕೇಟಿಗೆ ಹಾಕಿ, ಮಿಕ್ಕಿದ್ದನ್ನೆಲ್ಲ ಅವಳದಕ್ಕೆ ತುಂಬಿದರು. ಊಟದ ಹೊತ್ತಿನಲ್ಲೂ ತುಂಬಿದರು. ಮೇಸ್ತ್ರಿ ರಸ್ ಸಾಲಿನೊಳಗೆ ಎಂದೂ ಇಳಿಯುವವನಲ್ಲ. ಸಣ್ಣ ಮೋಟಾರು ಗಾಡಿಯಲ್ಲಿ ಕುಳಿತು ಪರದೆ ನೋಡುವವನು. ಪರದೆಯ ಮೇಲೆ ಲೇವಿಯಾಳ ಮುಖ ಮೇಲೇರುತ್ತಿತ್ತು. ಕಾಲ್‌ತಾಕ್‌ಗೆ ಪರದೇಶದಲ್ಲೂ ರಾಶಿ ಬಿತ್ತೆಂದು ಹೆಂಗಸರು ಹಿಗ್ಗಿದರು. ಬಿಲ್ಲೆ ಬರೆದುಕೊಳ್ಳುತ್ತದೆಂದು ಅವರಿಗೆ ಗೊತ್ತಿತ್ತು. ಬಿಲ್ಲೆ ಕಲಿಯುತ್ತದೆಂದು ಗೊತ್ತಿರಲಿಲ್ಲ.

ಕಣಿವೆಯಲ್ಲೆಲ್ಲ ಅತಿ ವೇಗದ ಕೈ ಯಾವುದೋ ಅದರ ಅರ್ಧ, ಎಲ್ಲ ತೋಟಗಳ ಎಲ್ಲರಿಗೂ ಗುರಿ. ಗುರಿ ಮುಟ್ಟಿದವರ ಬಿಲ್ಲೆ ಹಸಿರು. ಮುಟ್ಟದಿದ್ದರೆ ಹಳದಿ, ಹಳದಿಯಲ್ಲೇ ಹಂಗಾಮು ಮುಗಿದರೆ ಮುಂದಿನ ವರ್ಷ ಕರೆಯಿಲ್ಲ. ಗುರಿಯ ಅರ್ಧಕ್ಕಿಂತ ಕೆಳಗೆ ಬಿದ್ದವರದು ಆ ಗಳಿಗೆಯಲ್ಲೇ ಕೆಂಪು. ಕೆಂಪು ಬಿಲ್ಲೆಗೆ ತೋಟದ ಗೇಟು ತೆರೆಯದು, ಬಿಡಾರದ ಬಾಗಿಲು ತೆರೆಯದು, ಬಸ್ಸು ಹತ್ತಿಸಿಕೊಳ್ಳದು. ಮೊದಲು ಹೀಗಿರಲಿಲ್ಲ. ಒಂದು ತೋಟದಲ್ಲಿ ಓಡಿಸಿದರೆ ಇನ್ನೊಂದು ತೋಟಕ್ಕೆ ಹೋಗಬಹುದಿತ್ತು. ಅಲ್ಲಿ ಬೇರೆ ಕಂಪನಿಯ ಬಿಲ್ಲೆ, ಅದರಾಚೆಯ ಗುಡ್ಡದಲ್ಲಿ ತೂತು ಹೊಡೆಯುವ ರಟ್ಟಿನ ಚೀಟಿ. ಹಕ್ಕಿ ಎರಡು ವರ್ಷಗಳಲ್ಲಿ ಎಲ್ಲವನ್ನೂ ನುಂಗಿತ್ತು.

*

ಬುಧವಾರ ನಡುಹಗಲು ತೌಸಿ ಬಿದ್ದಳು.

ಬಲೆಯ ಕೆಳಗೆ ಗಾಳಿ ಸತ್ತಿತ್ತು. ಏಳೂವರೆ ಮುಟ್ಟಬೇಕೆಂದು ಬೆಳಗಿನಿಂದ ಬಗ್ಗಿದವಳು ಬಗ್ಗಿದಂತೆಯೇ ಮುಗ್ಗರಿಸಿದಳು. ಬಕೇಟು ಉರುಳಿ ಹಣ್ಣು ಚೆಲ್ಲಿತು. ಲೇವಿಯಾ ಓಡಿ ಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನೀರು! ಯಾರಾದ್ರೂ ನೀರು ತನ್ರೇ!"

ನೀರಿನ ಟ್ಯಾಂಕಿನ ನಲ್ಲಿಗೂ ಹಕ್ಕಿಯ ಬೀಗವಿತ್ತು. ವಿರಾಮದ ಹೊತ್ತಿಗೆ ಮಾತ್ರ ತೆರೆಯುತ್ತಿತ್ತು. ಉಳಿದ ವೇಳೆ ಮೇಸ್ತ್ರಿಯ ಬಿಲ್ಲೆ ಬೇಕು. ರಸ್ ಗಾಡಿ ನಿಲ್ಲಿಸಿದ, ಇಳಿಯಲಿಲ್ಲ.

"ಏನೇ ಮುದ್ಕಿ, ನಾಟ್ಕ ಸುರು ಮಾಡ್ದಾ? ಗಂಟೆಗೆ ಮೂರೂವರೆ ಕಿತ್ತು ಮೂರ್ಛೆ ಬೇರೆ ಹೋಗ್ತೀಯಾ?"

"ಬಾಸ್, ಒಂದು ಗುಟುಕು ನೀರು. ನಿಮ್ಮ ದಮ್ಮಯ್ಯ."

"ಇನ್ನು ಇಪ್ಪತ್ತು ನಿಮಿಷಕ್ಕೆ ವಿರಾಮ. ಕುಡೀಲಿ. ಯಾರು ಬ್ಯಾಡ ಅಂದೋರು?" ಅವನು ಕೈಯಲ್ಲಿದ್ದ ತಣ್ಣನೆಯ ಬಾಟಲಿ ಎತ್ತಿ ತಾನು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡ. "ಹದಿನೈದು ಕೀಳೋಳು ನೀನು. ಹೆಣ ಕಾಯ್ತಾ ಕೂತಿದೀಯಲ್ಲ, ನಿನ್ನ ಕೈಗೇನು ಬಂತು ಇವತ್ತು?"

ಲೇವಿಯಾ ಉತ್ತರ ಕೊಡುವುದರೊಳಗೆ ತೌಸಿಯ ಎದೆಯ ಮೇಲೆ ಸಣ್ಣದೊಂದು ಸದ್ದಾಯಿತು. ಬಿಲ್ಲೆ ಕೆಂಪಾಗಿತ್ತು.

ಸಂಜೆಯ ಬಸ್ಸು ಅವಳನ್ನು ಹತ್ತಿಸಿಕೊಳ್ಳಲಿಲ್ಲ. ಡ್ರೈವರು ತಲೆ ಕೆರೆದುಕೊಂಡು, "ನಾನು ಹತ್ತುಸ್ಕೊಂಡ್ರೆ ಬಸ್ಸೇ ಹೊರಡಾಕಿಲ್ಲ ಅಜ್ಜಿ, ಬಾಗ್ಲು ಮುಚ್ಕೊಳಾಕಿಲ್ಲ" ಎಂದ. ಬಸ್ಸಿಗೆಂದು ತೆರೆದ ಗೇಟಿನಲ್ಲೇ ಹೊರಬಿದ್ದು ತೌಸಿ ಹನ್ನೊಂದು ಕಿಲೋಮೀಟರು ನಡೆದಳು. ಲೇವಿಯಾ ಜೊತೆಗೆ ನಡೆದಳು. ಬಿಡಾರದ ಬಾಗಿಲೂ ತೆರೆಯದೆ, ಮುದುಕಿಯ ಹಾಸಿಗೆ ಪ್ರಾರ್ಥನಾ ಮಂದಿರದ ಜಗಲಿಗೆ ಬಂತು. ಮುಂದಿನ ಬುಧವಾರದ ವಿಮಾನಕ್ಕೆ ಅವಳ ಹೆಸರು ಬಿದ್ದಿತ್ತು.

"ದೊಡ್ಡವ್ವ, ನನ್ನಿಂದ ಆಯ್ತು ಇದೆಲ್ಲ."

"ನಿನ್ನಿಂದ ಯಾಕಾಯ್ತದೆ? ತುಂಬ್ಸಿ ಅಂದೋಳು ನಾನು. ನಾನು ಹಚ್ಚಿದ ಬೆಂಕಿ ನನ್ನ ಸೆರಗೇ ಸುಟ್ತು." ತೌಸಿ ಊದಿದ ಪಾದಗಳನ್ನು ನೀವಿಕೊಂಡಳು. "ನನ್ನ ಮಾತು ಬುಡು. ಆ ಏಳೂವರೆ ಇಳಿಯಾಗಂಟ ದಿನಕ್ಕೊಬ್ಳು ಬೀಳ್ತಾಳೆ. ಅದ್ನ ಏರ್ಸಿದ್ದು ನಾವು. ಇಳ್ಸಾದೂ ನಾವೇಯ."

*

ತೋಟದ ಮಾಲೀಕ ಬಲ್‌ಕಾರ್ ಸಿಂಗ್ ಪ್ಯಾಕಿಂಗ್ ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಹಕ್ಕಿಯ ಚೀಟಿ ಅಂಟುವುದನ್ನು ನೋಡುತ್ತ ನಿಂತಿದ್ದ. ಹುಟ್ಟಿದ್ದು, ಬೆಳೆದದ್ದು ಇದೇ ಕಣಿವೆಯಲ್ಲಿ. ತಾತ ಪಂಜಾಬಿನಿಂದ ಬಂದು ಇದೇ ಗುಡ್ಡದಲ್ಲಿ ಬಿಳಿಯರ ಬಾಳೆಗೊನೆ ಹೊತ್ತವನು. ಆ ತಾತನ ಫೋಟೋ ಶೆಡ್ಡಿನ ಗೋಡೆಯ ಮೇಲೆ, ಹೆಗಲ ಮೇಲಿನ ಗೊನೆಯ ಸಮೇತ, ಹಾರ ಹಾಕಿಸಿಕೊಂಡು ನಿಂತಿತ್ತು.

ಲೇವಿಯಾ ಎಲ್ಲವನ್ನೂ ಹೇಳಿದಳು. ತಮ್ಮ ಸತ್ತದ್ದು, ತಾನು ಕುಳಿತದ್ದು, ಐವರು ತುಂಬಿದ್ದು. ಇದು ತನ್ನ ಕೊರಳಿಗೆ ತಾನೇ ಹಗ್ಗ ಕೊಟ್ಟಂತೆ ಎಂದು ಅವಳಿಗೆ ತಿಳಿದಿತ್ತು.

ಬಲ್‌ಕಾರ್ ಗಡ್ಡ ನೀವಿಕೊಂಡ.

"ನೋಡಮ್ಮ, ನನಗೆ ಐದೇ ಸಾಕಿತ್ತು. ಏಳೂವರೆ ಕೀಳಿಸಿದ್ರೆ ನೀವು ಕಾಯಿ, ತೊಟ್ಟು ಎಲ್ಲಾ ಸೇರಿಸಿ ಕೀಳ್ತೀರಿ. ನಷ್ಟ ನನಗೇ. ಆದ್ರೆ ಈ ಅಂಕಿ ತಿದ್ದೋಕೆ ನನ್ನ ಕೈಲಿ ಆಗಲ್ಲ." ಅವನು ಪರದೆಯ ಮೇಲಿನ ಅಂಕಿಯನ್ನು ಬೆರಳಿನಿಂದ ಒತ್ತಿದ. ಅಂಕಿಯ ಪಕ್ಕದಲ್ಲಿ ಬೀಗದ ಚಿತ್ರ ಮೂಡಿತು. "ನೋಡಿದ್ಯಾ? ನನ್ನ ತೋಟ, ನನ್ನ ಗಿಡ. ಬೀಗ ಅವರದು."

"ಫೋನ್ ಮಾಡಿ ಹೇಳಿ ಬಾಸ್, ತಪ್ಪಾಯ್ತು ಅಂತ."

ಫೋನು ಮಾಡಿದ. ಆ ಕಡೆಯ ಹೆಣ್ಣು ದನಿ ಜೇನಿನಷ್ಟು ಸಿಹಿಯಾಗಿತ್ತು. ಕೊಯ್ಲುಗಾರಳು ಮೋಸ ಮಾಡಿದ್ದರೆ ಅವಳ ಮತ್ತು ಅವಳ ತಂಡದ ಬಿಲ್ಲೆಗಳನ್ನು ರದ್ದು ಮಾಡಬಹುದು, ದೂರು ದಾಖಲಿಸಲೇ ಎಂದು ಅದು ಕೇಳಿತು. ಗುರಿಯ ಅಂಕಿ ಏನಾಗುತ್ತದೆ ಎಂದು ಬಲ್‌ಕಾರ್ ಕೇಳಿದ. ಕಲಿತದ್ದನ್ನು ಕೈಯಿಂದ ಅಳಿಸಲು ಬರುವುದಿಲ್ಲ ಎಂದಿತು ದನಿ. ಏರುವುದು ಆ ಕ್ಷಣಕ್ಕೆ. ಇಳಿಯಬೇಕಾದರೆ ಒಂದು ಇಡೀ ದಿನ ಕಣಿವೆಯ ಯಾವ ತೋಟದಲ್ಲೂ, ಯಾರೊಬ್ಬರೂ ಗುರಿ ಮುಟ್ಟಬಾರದು. ಆಗ ಅದು ತಾನಾಗಿಯೇ ಹೊಸದನ್ನು ಕಲಿಯುತ್ತದೆ.

"ದೂರು ಬೇಡ" ಎಂದು ಬಲ್‌ಕಾರ್ ಫೋನಿಟ್ಟ.

"ಈ ಹಕ್ಕೀನ ಓಡ್ಸಿ ಬೇರೆ ತನ್ನಿ ಬಾಸ್."

"ಎಲ್ಲಿಂದ ತರ್ಲಿ? ಬೇರೆ ಇದ್ದವನನ್ನ ಇವರೇ ಕೊಂಡ್ಕೊಂಡ್ರು. ಹಕ್ಕಿ ಚೀಟಿ ಇಲ್ದಿರೋ ಪೆಟ್ಟಿಗೆನ ಪೇಟೆಯೋರು ಲಾರಿಯಿಂದಲೇ ಇಳಿಸಲ್ಲ. ಹೋದ ವರ್ಷ ಎರಡು ಸಲ ಬಾಡಿಗೆ ಏರಿಸಿದ್ರು, ಕೆಮ್ಮದೆ ಕಟ್ಟಿದೆ. ನಮ್ಮ ತಾತ ಬಾಳೆ ಹೊರುವಾಗ ಬಿಳಿ ಮೇಸ್ತ್ರಿ ಅವನ ರುಮಾಲು ಕಿತ್ತು ಕೆಸರಲ್ಲಿ ತುಳಿದಿದ್ದನಂತೆ. ತುಟಿ ಕಚ್ಚಿ ದುಡಿದ. ಎಲ್ಲರೂ ಕಷ್ಟ ಪಟ್ಟೇ ಬಂದಿರೋದು."

"ನಿಮ್ಮ ತಾತಂಗೆ ಆ ಮೇಸ್ತ್ರಿ ಬ್ಯಾಡ ಅನ್ಸಿದ್ರೆ ಪಕ್ಕದ ತೋಟ ಇತ್ತಲ್ವಾ ಬಾಸ್?"

ಬಲ್‌ಕಾರ್‌ನ ಮುಖ ಕಪ್ಪಿಟ್ಟಿತು. "ಹೋಗು. ಕೆಲಸದ ಹೊತ್ತು" ಎಂದು ತಿರುಗಿ ನಿಂತ.

*

ಭಾನುವಾರದ ಪ್ರಾರ್ಥನೆಗೆ ಎಲ್ಲ ತೋಟದವರೂ ಆ ಒಂದೇ ಮಂದಿರಕ್ಕೆ ಬರುತ್ತಿದ್ದರು: ಟೊಂಗಾದವರು, ಫಿಜಿಯವರು, ತಿಮೋರಿನವರು, ಸೊಲೊಮನ್ ದ್ವೀಪದವರು. ಹಾಡು ಮುಗಿದು, ಅನ್ನಕ್ಕೆ ಡಬ್ಬಿಯ ಮೀನು ಕಲಸಿ ಬಡಿಸುವ ಹೊತ್ತಿಗೆ ಲೇವಿಯಾ ಎದ್ದು ನಿಂತಳು. ತೌಸಿ ಪಕ್ಕದಲ್ಲೇ, ಕೆಂಪು ಬಿಲ್ಲೆಯನ್ನು ಮರೆಮಾಡದೆ ಕುಳಿತಿದ್ದಳು.

"ಪರದೆ ಮ್ಯಾಲೆ ಹದಿನೈದು ಕಿತ್ತೋಳು ನಾನು" ಎಂದಳು ಲೇವಿಯಾ. "ಕಿತ್ತಿಲ್ಲ. ಒಂದು ಹಣ್ಣೂ ಕಿತ್ತಿಲ್ಲ."

ಐದು ದಿನದ ಕತೆಯನ್ನೆಲ್ಲ ಬಿಡಿಸಿ ಹೇಳಿದಳು. ಮುಗಿದದ್ದೇ ತಡ, ತಿಮೋರಿನ ಹೆಂಗಸೊಬ್ಬಳು ಎದ್ದು ಬಂದು ಅವಳ ಕಾಲ ಬಳಿ ಉಗಿದಳು. "ನನ್ನ ತಂಗಿ ಮೊನ್ನೆ ಕೆಂಪಾದ್ಲು. ನಿನ್ನ ತಮ್ಮನ ಮರ್ಯಾದೆಗೆ ನನ್ನ ತಂಗಿ ಬೇಕಾಗಿತ್ತೇನೇ, ಹಾಳು ಮುಂಡೆ?"

ಲೇವಿಯಾ ಕಾಲು ಹಿಂದೆ ಸರಿಸಲಿಲ್ಲ.

ಹಿಂದಿನ ಬೆಂಚಿನಿಂದ ಗಹಗಹಿಸಿ ನಗುವ ಸದ್ದು ಬಂತು. ವೈಸಾಕೆ. ಪಕ್ಕದ ಗುಡ್ಡದ ತೋಟದ ಫಿಜಿಯವನು. ಬಾಗಿಲು ತುಂಬುವ ಆಳು. ಲೇವಿಯಾಳ ಮುಖ ಬರುವವರೆಗೆ ಪರದೆಯ ತುದಿಯಲ್ಲಿದ್ದದ್ದು ಅವನ ಮುಖವೇ.

"ಅಯ್ಯೋ ತಂಗಿ! ವಾರದಿಂದ ನಿನ್ನ ಮಖ ನೋಡಿ ನೋಡಿ ನಿದ್ದೆ ಬಂದಿರಲಿಲ್ಲ ನಂಗೆ. ಎಂಟು ಕೈ ಇರೋ ಸಮುದ್ರದ ದೆವ್ವ ಅಂದ್ಕೊಂಡಿದ್ದೆ. ನೋಡಿದ್ರೆ ಒದ್ದೆ ಕೋಳಿ ಹಂಗಿದೀಯ!"

ಕೆಲವರು ನಕ್ಕರು. ಆ ನಗೆಯಲ್ಲಿ ಲೇವಿಯಾಳಿಗೆ ಉಸಿರು ಬಂತು.

"ನಾಳೆ ಒಂದು ದಿನ" ಎಂದಳು. "ಎಲ್ಲಾ ತೋಟದಲ್ಲೂ ಬಲಗೈಗೆ ಬಟ್ಟೆ ಕಟ್ಕೊಂಡು ಎಡಗೈಲಿ ಕೊಯ್ಯಾನ. ನಾಲ್ಕು ಕಿಲೋ ಬತ್ತದೆ. ಕೆಂಪಾಗಕಿಲ್ಲ, ಗುರೀನೂ ಮುಟ್ಟಾಕಿಲ್ಲ. ಒಂದು ದಿನ ಹಳದಿ. ಹಕ್ಕಿ ನಮ್ಮ ಎಡಗೈ ನೋಡಿ ಕಲೀಲಿ."

"ನಾನು ಹತ್ತು ಕಿತ್ತು ಹಸ್ರಾಗೇ ಇದೀನಿ. ನಾನ್ಯಾಕೆ ಕೈ ಕಟ್ಕೊಳ್ಲಿ?" ವೈಸಾಕೆಯ ನಗೆ ನಿಂತಿತ್ತು.

ಮಾತಾಡಿದವಳು ತೌಸಿ. "ಹತ್ತರ ಅರ್ಧ ಐದು ಮಗ. ನಾವು ಎರಡು ವರ್ಷ ಐದು ಕಿತ್ತಿದ್ದು ನಿನ್ನ ಕೈಯಿಂದ. ಈ ಮಂಡಿ ಸವೆದದ್ದು ನಿನ್ನ ಹಸ್ರಿನಲ್ಲಿ. ನಾವ್ಯಾರೂ ನಿನ್ನ ಕಾಲತ್ರ ಬಂದು ಉಗೀಲಿಲ್ಲ."

ವೈಸಾಕೆ ತಟ್ಟೆಯನ್ನು ಬೆಂಚಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಸಾವಿರದಿನ್ನೂರು ಜನರಲ್ಲಿ ಒಬ್ಬ ಗುರಿ ಮುಟ್ಟಿದರೂ ಎಲ್ಲ ನೀರಿನಲ್ಲಿ ಹೋಮ. ಆ ಒಬ್ಬ ಯಾರೆಂಬುದು ಈಗ ಎಲ್ಲರಿಗೂ ಗೊತ್ತಿತ್ತು.

*

ಸೋಮವಾರ ಬೆಳಿಗ್ಗೆ ರಸ್ ಸಾಲುಗಳ ಉದ್ದಕ್ಕೂ ಗಾಡಿ ಓಡಿಸಿ ಬಂದ. ಎಲ್ಲ ಬಲಗೈಗಳಿಗೂ ಬಟ್ಟೆ. ಹರಿದ ಲಂಗ, ತಲೆವಸ್ತ್ರ, ಮಗುವಿನ ಹಳೆಯ ಅಂಗಿ.

"ಏನ್ರೇ ಇದು, ಎಲ್ಲಾರ್ಗೂ ಒಂದೇ ದಿನ ಲಕ್ವ ಹೊಡೀತಾ?"

"ಸಾವಿನ ಕೈ ಬಾಸ್" ಎಂದಳು ಲೇವಿಯಾ. "ನಮ್ಮ ಕಡೆ ಪದ್ಧತಿ."

ಅವನು ಅವಳ ಮುಖವನ್ನು, ಆಮೇಲೆ ಪರದೆಯನ್ನು ನೋಡಿದ. ಮೇಸ್ತ್ರಿಗಳ ಬಿಲ್ಲೆಗೂ ಬಣ್ಣವಿತ್ತು. ತಂಡ ಹಳದಿಯಾದರೆ ಅವನೂ ಹಳದಿ. ಕೈ ಚಾಚಿ ಅವಳ ಕೊರಳಿನ ಬಿಲ್ಲೆಯನ್ನು ದಾರದ ಸಮೇತ ಕಿತ್ತುಕೊಂಡ. "ಸಾವಿನ ಕೈಗೆ ಬಿಲ್ಲೆ ಯಾಕೆ? ಸಂಜೆ ಬಂದು ಇಸ್ಕೊ."

ಎಂಟು ಗಂಟೆಗೆ ಪರದೆಯ ಮೇಲೆ ಕಣಿವೆಯ ಹತ್ತು ವೇಗದ ಕೈಗಳು ಮೂಡಿದವು. ನಾಲ್ಕೂವರೆ, ನಾಲ್ಕು ಕಾಲು, ನಾಲ್ಕು. ಏಳನೆಯ ಸ್ಥಾನದಲ್ಲಿ ವೈಸಾಕೆಯ ಮುಖ. ನಾಲ್ಕು. ಹೆಂಗಸರು ಗಿಡದ ಮರೆಯಲ್ಲಿ ಒಬ್ಬರ ಮೊಣಕೈ ಒಬ್ಬರು ಹಿಂಡಿದರು. ಅವನೂ ಕಟ್ಟಿದ್ದ.

ಒಂಬತ್ತಕ್ಕೆ ಪರದೆಯ ತುದಿಯಲ್ಲಿ ಲೇವಿಯಾಳ ಮುಖ ಬಂತು. ಐದೂವರೆ. ಆರು. ಎಂಟು.

ಲೇವಿಯಾ ತನ್ನ ಬಟ್ಟೆ ಕಟ್ಟಿದ ಕೈಯನ್ನು ನೋಡಿಕೊಂಡಳು. ಪಕ್ಕದವರು ಅವಳನ್ನು ನೋಡಿದರು. ಅವಳು ಇಲ್ಲೇ ಇದ್ದಳು, ಅವರ ಕಣ್ಣೆದುರಿಗೆ. ಆದರೆ ಉಳಿದ ಇಪ್ಪತ್ತೊಂದು ತೋಟಗಳಲ್ಲಿ ಅವಳು ಕಾಣುತ್ತಿದ್ದದ್ದು ಪರದೆಯ ಮೇಲೆ ಮಾತ್ರ. ನಿನ್ನೆ ಎದ್ದು ನಿಂತು ಕೈ ಕಟ್ಟಿಕೊಳ್ಳಿ ಎಂದವಳು ಇಂದು ಎಂಟು ಕೀಳುತ್ತಿದ್ದಳು. ಫೋನುಗಳು ಬಸ್ಸಿನ ಪೆಟ್ಟಿಗೆಯಲ್ಲಿದ್ದವು. ಕೂಗಿದರೆ ಗುಡ್ಡದಾಚೆಗೆ ಕೇಳದು.

ವೈಸಾಕೆಯ ಅಂಕಿ ಕದಲಿತು. ನಾಲ್ಕೂವರೆ. ಆರು.

"ಬಿಚ್ದ" ಎಂದಳು ಒಬ್ಬಳು ಸಣ್ಣ ದನಿಯಲ್ಲಿ.

ಲೇವಿಯಾ ಬಕೇಟು ಬಿಚ್ಚಿ ನೆಲಕ್ಕಿಟ್ಟು 'ಶೆಡ್ಡು' ಎಂದಷ್ಟೇ ಹೇಳಿ ಓಡಿದಳು.

ಶೆಡ್ಡಿನಲ್ಲಿ ನೆಲದ ಮಟ್ಟದ ದೊಡ್ಡ ತೂಕದ ಹಲಗೆಯಿತ್ತು. ಪಕ್ಕದ ಕಂಬದಲ್ಲಿ ಬಿಲ್ಲೆ ಓದುವ ಕಣ್ಣಿಗೆ ಅವಳ ಬಿಲ್ಲೆಯನ್ನು ಒರಗಿಸಿ, ರಸ್ ಕೋಲ್ಡ್ ಸ್ಟೋರೇಜಿನಿಂದ ಶನಿವಾರದ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಹಲಗೆಯ ಮೇಲಿಡುತ್ತಿದ್ದ. ಮುಖದಲ್ಲಿ ಬೆವರು. ಬದುಕಿನಲ್ಲಿ ಅವನು ಹಣ್ಣು ಹೊತ್ತಿದ್ದನ್ನು ಅವಳು ಕಂಡದ್ದು ಅದೇ ಮೊದಲು.

"ನನ್ನ ಬಕೇಟು ತುಂಬ್ತಿದೀರಾ ಬಾಸ್?"

ಅವನು ಬೆಚ್ಚಿ ತಿರುಗಿದ. "ಹೋಗೇ ಆಚೆಗೆ! ನಿನ್ನ ಒಗ್ಗಟ್ಟಿಗೆ ಬೆಂಕಿ ಬಿದ್ದಾಯ್ತು. ನೋಡು, ಆ ಫಿಜಿಯವ್ನು ಏಳು ಮುಟ್ದ."

ಪರದೆ ಅಲ್ಲೂ ಇತ್ತು. ಏಳು ಕಾಲು. ಲೇವಿಯಾಳ ಕಣ್ಣು ಪರದೆಯಿಂದ ಹಲಗೆಗೆ, ಹಲಗೆಯಿಂದ ಬಿಲ್ಲೆಗೆ ಇಳಿಯಿತು. ಇಳಿಸಲು ಆಗದಿದ್ದರೇನು, ಏರಿಸಬಹುದಿತ್ತು; ಏರುವುದು ಆ ಕ್ಷಣಕ್ಕೆ ಎಂದಿತ್ತಲ್ಲ ಫೋನಿನ ಆ ಸಿಹಿ ದನಿ. ಅವಳು ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿ ಹಲಗೆಯ ಮೇಲೆ ಹತ್ತಿ ನಿಂತಳು.

ಕಂಬ ಪೀಂಗುಟ್ಟಿತು. ಅರವತ್ತೊಂದು ಕಿಲೋ.

"ಇಳಿಯೇ ಹಡಬೆ!"

ಇಳಿದಳು. ಮತ್ತೆ ಹತ್ತಿದಳು. ಮತ್ತೆ ಅರವತ್ತೊಂದು. ರಸ್ ಅವಳ ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ತಂಡದ ನಾಲ್ವರೂ ಓಡಿಬಂದು ಬಾಗಿಲಲ್ಲಿ ನಿಂತಿದ್ದರು. ಒಂದು ಗಳಿಗೆ ಅವರಿಗೆ ಏನೂ ತಿಳಿಯಲಿಲ್ಲ. ಲೇವಿಯಾ ರಟ್ಟೆ ಬಿಡಿಸಿಕೊಂಡು ಬಿಲ್ಲೆಯನ್ನು ಕಂಬದ ಕಣ್ಣಿಗೆ ಒತ್ತಿ ಹಿಡಿದಳು.

"ತುಂಬ್ರೇ! ಐದು ದಿನ ತುಂಬಿದ್ರಲ್ಲ, ಹಂಗೇ. ನನ್ನ ತಮ್ಮಂಗೆ ಬಾಗಿಲೆತ್ರಕ್ಕೆ ರಾಶಿ ಬೀಳ್ಲಿ!"

ಮೊದಲನೆಯವಳು ಹತ್ತಿದಳು. ಪೀಂ. ಎರಡನೆಯವಳು ಅವಳನ್ನು ಸರಿಸಿ ಹತ್ತಿದಳು. ಪೀಂ. ಪ್ರಾರ್ಥನೆಯ ದಿನ ರೊಟ್ಟಿಗೆ ನಿಲ್ಲುವಂತೆ ಸಾಲಾಗಿ, ಲಂಗ ಎತ್ತಿಕೊಂಡು, ಹತ್ತಿ, ಇಳಿದು, ಸುತ್ತಿ ಬಂದು ಮತ್ತೆ ಹತ್ತಿದರು. ಮೂರನೆಯವಳ ಎದೆಗೆ ರಸ್ ಮೊಣಕೈಯಿಂದ ಗುದ್ದಿದ. ಬಿದ್ದವಳು ಹಲಗೆಯ ಮೇಲೇ ಬಿದ್ದಳು. ಪೀಂ.

"ಇದು ಹಣ್ಣಲ್ಲ! ಲೌಡಿ ಮಕ್ಕಳಾ, ಇದು ಹಣ್ಣಲ್ಲ!"

"ಅದಕ್ಕೆ ತೂಕ ಗೊತ್ತು ಬಾಸ್" ಎಂದಳು ಲೇವಿಯಾ. "ಹಣ್ಣು ಗೊತ್ತಿಲ್ಲ."

ಪರದೆಯ ಮೇಲೆ ಅವಳ ಅಂಕಿ ಆರುನೂರ ಹತ್ತಕ್ಕೆ ನಿಂತಿತು. ಕೆಳಗೆ, ಕಣಿವೆಯ ಗುರಿ: ಮುನ್ನೂರ ಐದು.

ಆಮೇಲೆ ಸದ್ದು ಶುರುವಾಯಿತು. ಮೊದಲು ಶೆಡ್ಡಿನೊಳಗೆ, ನಾಲ್ಕು ಎದೆಗಳ ಮೇಲೆ. ಆಮೇಲೆ ಸಾಲುಗಳಿಂದ, ಮಿಡತೆಗಳು ಎದ್ದಂತೆ. ಬಲೆಯಡಿಯಲ್ಲಿ ಕೆಂಪು ಚುಕ್ಕಿಗಳು ಒಂದರ ಹಿಂದೊಂದು ಹೊತ್ತಿದವು. ಪರದೆಯ ಮೇಲಿನ ಮುಖಗಳೂ ಕೆಂಪಾದವು. ವೈಸಾಕೆಯ ಏಳು ಕಾಲೂ ಕೆಂಪು. ಕೋಲ್ಡ್ ಸ್ಟೋರೇಜಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ದೂರದಲ್ಲಿ ಗೇಟಿನ ಬೀಗ ಬಿದ್ದ ಸದ್ದು, ಅದರಾಚೆಯ ಗುಡ್ಡದಿಂದ ಇನ್ನೊಂದು. ರಸ್ ತನ್ನ ಎದೆ ನೋಡಿಕೊಂಡ. ತಂಡವೆಲ್ಲ ಕೆಂಪಾದ ಮೇಸ್ತ್ರಿಯ ಬಿಲ್ಲೆಗೆ ಬೇರೆ ಬಣ್ಣವಿರಲಿಲ್ಲ.

ಲೇವಿಯಾಳದೊಂದೇ ಹಸಿರು. ಅವಳು ಅದನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ತುಳಿದಳು. ಒಡೆಯುವವರೆಗೆ ತುಳಿದಳು.

ಬಲ್‌ಕಾರ್ ಓಡಿ ಬಂದ. ಕಿವಿಗೆ ಒತ್ತಿಕೊಂಡ ಫೋನಿನಿಂದ ಸಂಗೀತ ಸುರಿಯುತ್ತಿತ್ತು. ನಡುನಡುವೆ ಆ ಸಿಹಿ ದನಿ, ದಯವಿಟ್ಟು ಕಾಯಿರಿ ಎನ್ನುತ್ತಿತ್ತು. "ಇಪ್ಪತ್ತೆರಡು ತೋಟ! ಲಾರಿಗಳೆಲ್ಲ ಗೇಟಿನ ಹೊರಗೆ ನಿಂತಿವೆ. ಏನು ಮಾಡಿದ್ರಿ ನೀವು?"

"ತುಂಬಿದ್ವಿ ಬಾಸ್."

*

ಮಧ್ಯಾಹ್ನದ ವಿರಾಮಕ್ಕೆ ನೀರಿನ ನಲ್ಲಿ ತೆರೆಯಲಿಲ್ಲ. ಕೆಂಪು ಬಿಲ್ಲೆಗಳಿಗೆ ವಿರಾಮವೆಂಬುದಿರಲಿಲ್ಲ. ಬೇಲಿಯ ತಂತಿಗೆ ಕರೆಂಟು ಹರಿಯುತ್ತಿತ್ತು, ಕಾಂಗರೂಗಳಿಗೆಂದು ಹಾಕಿದ್ದು. ಬಲ್‌ಕಾರ್ ಕಬ್ಬಿಣದ ಸಲಾಕೆ ತಂದು ಗೇಟಿನ ಬೀಗಕ್ಕೆ ಹೊಡೆಯುತ್ತಿದ್ದ. ಒಂದು ಕಿವಿಯಲ್ಲಿ ಇನ್ನೂ ಸಂಗೀತ. ಹಣ್ಣಾದ ಬೆರಿಗಳು ಬಿಸಿಲಿಗೆ ತೊಟ್ಟು ಬಿಟ್ಟು ಸಾಲುಗಳ ಉದ್ದಕ್ಕೂ ಟಪಟಪನೆ ಉದುರುತ್ತಿದ್ದವು.

ಗೇಟಿನ ಹೊರಗೆ ತೌಸಿ ಬಂದು ನಿಂತಿದ್ದಳು. ಹನ್ನೊಂದು ಕಿಲೋಮೀಟರು ನಡೆದು ಬಂದ ಧೂಳು ಮಂಡಿಯವರೆಗೆ ಹತ್ತಿತ್ತು. ಅವಳು ಒಳಗಿನ ಕೆಂಪು ಎದೆಗಳನ್ನು ನೋಡಿದಳು, ರಸ್‌ನ ಎದೆಯನ್ನೂ ನೋಡಿದಳು.

"ನಮ್ಮ ಜಾತಿಗೆ ಬಂದ್ಯಲ್ಲ ಮಗ" ಎಂದಳು.

ರಸ್ ನಾಲಿಗೆಯಿಂದ ತುಟಿ ಸವರಿಕೊಂಡ. ಅವನ ತುಟಿ ಒಣಗಿ ಬಿಳಿಚಿತ್ತು. ತಣ್ಣನೆಯ ಬಾಟಲಿಗಳಿದ್ದ ಅವನ ಪೆಟ್ಟಿಗೆ ಕೋಲ್ಡ್ ಸ್ಟೋರೇಜಿನೊಳಗೆ ಸಿಕ್ಕಿಕೊಂಡಿತ್ತು.

ತೌಸಿ ಚೀಲದಿಂದ ದೊಡ್ಡದೊಂದು ಪ್ಲಾಸ್ಟಿಕ್ ಬಾಟಲಿ ತೆಗೆದು, ಬಗ್ಗಿ, ಗೇಟಿನ ಅಡಿಯ ಸಂದಿಯಲ್ಲಿ ತೂರಿಸಿದಳು. ಒಂದು ಬಾಟಲಿ, ನಲವತ್ತು ಬಾಯಿ. ಅದು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ನಾಲಿಗೆ ನೆನೆಯುವಷ್ಟು ಮಾತ್ರ ಕುಡಿದು ಮುಂದೆ ಕೊಟ್ಟರು. ಬಲ್‌ಕಾರ್ ಸಲಾಕೆ ಕೆಳಗಿಟ್ಟು ತನ್ನ ಪಾಲು ಕುಡಿದ. ಕೊನೆಗೆ ಬಾಟಲಿ ಲೇವಿಯಾಳ ಕೈಗೆ ಬಂತು. ತಳದಲ್ಲಿ ಒಂದು ಗುಟುಕು ಉಳಿದಿತ್ತು.

ಕುಡಿಯದೆ ಉಳಿದವರು ಇಬ್ಬರು: ಅವಳು, ಅವಳ ಪಕ್ಕದಲ್ಲಿ ನಿಂತಿದ್ದ ರಸ್.

ಅವನ ಕಣ್ಣು ಬಾಟಲಿಯ ತಳದಲ್ಲಿ ನೆಟ್ಟಿತ್ತು. ಗೇಟಿನಾಚೆಯಿಂದ ತೌಸಿ ಲೇವಿಯಾಳ ಕೈಯನ್ನೇ ನೋಡುತ್ತಿದ್ದಳು. ಬಾಟಲಿ ಹಿಡಿದದ್ದು ಎಡಗೈ. ಬಲಗೈಯ ಬಟ್ಟೆಯನ್ನು ಅವಳು ಇನ್ನೂ ಬಿಚ್ಚಿರಲಿಲ್ಲ.